ಇಂದಿನ ಧಮ್ಮ ಚಿಂತನೆ: ಸಂಗ್ರಹ ಎಂದರೆ ಯಾವುದರ ಸಂಗ್ರಹ?





ಇವತ್ತು ಆಶ್ವೀಜ ಹುಣ್ಣಿಮೆ, ನಮ್ಮ ಕಡೆಯ ಸೀಗಿ ಹುಣ್ಣಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೊರಟವರ ಟ್ರ್ಯಾಕ್ಟರ್ ಸಪ್ಪಳ ಕಲಾದಗಿಯ ರಸ್ತೆಯಲ್ಲಿ ಬೆಳಗಿನಿಂದಲೇ ಕೇಳುತ್ತಿದೆ. ಭಿಕ್ಖು ಸಂಘದಲ್ಲಿ ಮೂರು ತಿಂಗಳ ವರ್ಷಾವಾಸ ಮುಗಿದು ಪವಾರಣೆ ನಡೆಯುವುದೂ ಇದೇ ಹುಣ್ಣಿಮೆಗೆ.

ಪವಾರಣೆ ಎಂದರೆ ಆಹ್ವಾನ. ಊಟಕ್ಕೆ ಕರೆಯುವ ಆಹ್ವಾನವಲ್ಲ. ತನ್ನಲ್ಲಿ ಯಾರಾದರೂ ಕಂಡ ತಪ್ಪು, ಕೇಳಿದ ತಪ್ಪು, ಶಂಕಿಸಿದ ತಪ್ಪು ಇದ್ದರೆ ಹೇಳಬೇಕೆಂದು ಪ್ರತಿಯೊಬ್ಬ ಭಿಕ್ಖು ಉಳಿದವರನ್ನು ಕೈಮುಗಿದು ಕೇಳಿಕೊಳ್ಳುವುದು. ಈ ದಿನದ ಚಿಂತನೆ ಬರೆಯುವ ಸರದಿ ನನಗೆ ಬಂದಿದೆ. ಪವಾರಣೆಯ ದಿನ ಬೇರೆಯವರ ತಪ್ಪಿನ ಕಥೆ ಬರೆಯುವುದು ಸರಿಯಲ್ಲ ಅನ್ನಿಸಿತು. ಅದಕ್ಕೆ ನನ್ನದೇ ಒಂದು ಬರೆಯುತ್ತೇನೆ. ಅದು ನಡೆದದ್ದು ಒಂದು ಕಂಪ್ಯೂಟರ್ ಆಟದೊಳಗೆ. ಹಿರಿಯರು ನಗಬೇಡಿ, ಪೂರ್ತಿ ಓದಿ.

*ಐದುನೂರು ಜನರ ಹತ್ಥಕ*

ಮೊದಲು ಸುತ್ತದ ಕಥೆ. ಅಂಗುತ್ತರ ನಿಕಾಯದ ಎಂಟರ ವರ್ಗದಲ್ಲಿ ಆಳವಿ ಎಂಬ ಊರಿನ ಹತ್ಥಕ ಎಂಬ ಗೃಹಸ್ಥ ಬರುತ್ತಾನೆ. ಅವನು ಭಿಕ್ಖು ಅಲ್ಲ, ನಮ್ಮ ಹಾಗೆ ಮನೆ ಮಕ್ಕಳು ಇದ್ದವನು. ಒಂದು ದಿನ ಐದುನೂರು ಉಪಾಸಕರನ್ನು ಜೊತೆಗೆ ಕರೆದುಕೊಂಡು ಬುದ್ಧರ ದರ್ಶನಕ್ಕೆ ಬಂದ. ಬುದ್ಧರು ಕೇಳಿದರು: ಇಷ್ಟು ದೊಡ್ಡ ಗುಂಪನ್ನು ಹೇಗೆ ಹಿಡಿದಿಟ್ಟುಕೊಂಡಿದ್ದೀಯಪ್ಪಾ?

ಹತ್ಥಕ ಹೇಳಿದ: ನೀವೇ ಕಲಿಸಿದ ನಾಲ್ಕು ಸಂಗಹ ವತ್ಥುಗಳಿಂದ. ಕೊಟ್ಟರೆ ನಿಲ್ಲುವವನಿಗೆ ಕೊಡುತ್ತೇನೆ, ಅದು ದಾನ. ಒಳ್ಳೆಯ ಮಾತಿಗೆ ನಿಲ್ಲುವವನಿಗೆ ಒಳ್ಳೆಯ ಮಾತಾಡುತ್ತೇನೆ, ಅದು ಪ್ರಿಯವಚನ. ಕೆಲಸಕ್ಕೆ ಕೈಜೋಡಿಸಿದರೆ ನಿಲ್ಲುವವನಿಗೆ ಕೈಜೋಡಿಸುತ್ತೇನೆ, ಅದು ಅರ್ಥಚರ್ಯೆ. ಸರಿಸಮನಾಗಿ ಕಂಡರೆ ನಿಲ್ಲುವವನನ್ನು ಸರಿಸಮನಾಗಿ ಕಾಣುತ್ತೇನೆ, ಅದು ಸಮಾನತೆ. ಇದರ ಜೊತೆಗೆ ಅವನು ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದ: ನಮ್ಮ ಮನೆಯಲ್ಲಿ ದುಡ್ಡಿದೆ, ಬಡವನ ಮಾತಾಗಿದ್ದರೆ ಜನ ಇಷ್ಟು ಕೇಳುತ್ತಿರಲಿಲ್ಲ. ಬುದ್ಧರು ಮೆಚ್ಚಿದರು. ಹಿಂದೆ ಗುಂಪು ಹಿಡಿದಿಟ್ಟವರು, ಈಗ ಹಿಡಿದಿಟ್ಟಿರುವವರು, ಮುಂದೆ ಹಿಡಿದಿಡುವವರು ಎಲ್ಲರಿಗೂ ಇವೇ ನಾಲ್ಕು ದಾರಿ ಎಂದರು.

ಇದರ ಹಿಂದಿನ ಸುತ್ತದಲ್ಲಿ ಇದೇ ಹತ್ಥಕನ ಇನ್ನೊಂದು ಪ್ರಸಂಗ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ನನಗೆ ಅದು ತಿಳಿದದ್ದೂ ಕೊನೆಗೇ, ಆಗಬಾರದ್ದು ಆದ ಮೇಲೆ.

*ಮಾಸ್ತರ ನಾಯಕನಾದದ್ದು*

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಶಾಲೆ ಬಂದ್. ಘಟಪ್ರಭೆಯ ದಂಡೆಗೂ ಹೋಗುವ ಹಾಗಿರಲಿಲ್ಲ. ದಾಳಿಂಬೆ ತೋಟದವರು ಹಣ್ಣು ಸಾಗಿಸುವುದು ಹೇಗೆಂದು ತಲೆಗೆ ಕೈಹಚ್ಚಿ ಕೂತಿದ್ದರು. ಬೆಂಗಳೂರಿನಿಂದ ಊರಿಗೆ ಮರಳಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಸರ್, ಹೊತ್ತು ಹೋಗವಲ್ತು. ಒಂದು ಆಟ ಐತಿ, ಬರ್ರಿ" ಅಂದ.

ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲ್ಯಾಂಡ್ ದೇಶದ ರೇಕ್ಯಾವಿಕ್‌ನ ಸಿಸಿಪಿ ಎಂಬ ಕಂಪನಿ 2003ರ ಮೇ ತಿಂಗಳಲ್ಲಿ ಶುರು ಮಾಡಿದ್ದು. ಅದರೊಳಗೆ ಏಳು ಸಾವಿರಕ್ಕೂ ಹೆಚ್ಚು ಸೌರಮಂಡಲಗಳಿವೆ. ಚೀನಾದವರಿಗೆ ಬೇರೆ ಲೋಕ ಇದೆ, ಉಳಿದ ದೇಶಗಳ ಆಟಗಾರರೆಲ್ಲ ಒಂದೇ ಆಕಾಶದಲ್ಲಿ ಹಡಗು ಹಾರಿಸುತ್ತಾರೆ. ಬಂಡೆ ಒಡೆದು ಅದಿರು ತೆಗೆಯುವುದು, ಅದಿರಿನಿಂದ ಹಡಗು ಕಟ್ಟುವುದು, ಸಂತೆಯಲ್ಲಿ ಮಾರುವುದು, ಕಾದಾಡುವುದು ಎಲ್ಲ ಆಟಗಾರರದ್ದೇ ಕೆಲಸ. 2016ರ ನವೆಂಬರ್‌ನಿಂದ ದುಡ್ಡು ಕೊಡದೆಯೂ ಆಡಲು ಬರುತ್ತದೆ. ಹಾಗಾಗಿ ನಮ್ಮಂಥವರಿಗೂ ದಾರಿಯಾಯಿತು.

ಈ ಆಟದ ಒಂದು ಗುಣ ನಮ್ಮ ಬಳಗದವರಿಗೆ ತಿಳಿಯಬೇಕು. ಬೇರೆ ಆಟಗಳಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಶುರು ಮಾಡಬಹುದು, ಹೋದದ್ದು ಏನೂ ಇಲ್ಲ. ಇಲ್ಲಿ ಆಡುವವನು ಉಳಿಯುತ್ತಾನೆ, ಅವನ ಹಡಗು ಮಾತ್ರ ಒಡೆದರೆ ಒಡೆದೇ ಹೋಯಿತು. ತಿಂಗಳುಗಟ್ಟಲೆ ಕೂಡಿಟ್ಟದ್ದು ಎರಡು ನಿಮಿಷದಲ್ಲಿ ಬೂದಿ. ಕಳೆದುಕೊಳ್ಳಲು ಸಿದ್ಧನಿಲ್ಲದ ಹಡಗನ್ನು ಹಾರಿಸಬೇಡ ಎಂದು ಅಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ಅನಿಚ್ಚದ ಪಾಠಕ್ಕೆ ಇದಕ್ಕಿಂತ ಸಲೀಸಾದ ಉದಾಹರಣೆ ನನಗೆ ತರಗತಿಯಲ್ಲೂ ಸಿಕ್ಕಿಲ್ಲ. ಇಷ್ಟೆಲ್ಲ ಕಾದಾಟ ನಡೆಯುವ ಆ ದೊಡ್ಡ ಕಂಪ್ಯೂಟರಿಗೆ ಇಟ್ಟ ಹೆಸರು ಟ್ರ್ಯಾಂಕ್ವಿಲಿಟಿ, ಅಂದರೆ ಪ್ರಶಾಂತಿ. ಬೋಧಿಯ ಏಳು ಅಂಗಗಳಲ್ಲಿ ಒಂದಾದ ಪಸ್ಸದ್ಧಿ! ಅದು ದಿನಕ್ಕೊಮ್ಮೆ, ನಮ್ಮ ಗಡಿಯಾರದ ಸಂಜೆ ನಾಲ್ಕೂವರೆಗೆ, ಸ್ವಲ್ಪ ಹೊತ್ತು ಎಲ್ಲ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತದೆ.

ಒಬ್ಬರೇ ಆಡಿದರೆ ಅಲ್ಲಿ ಉಳಿಗಾಲ ಕಡಿಮೆ. ತಂಡ ಕಟ್ಟಬೇಕು. ತಂಡಕ್ಕೆ ಒಬ್ಬ ಮುಖ್ಯಸ್ಥ, ಒಂದು ಖಜಾನೆ, ಒಂದು ಉಗ್ರಾಣ. ಉಗ್ರಾಣದ ಕೀಲಿ ಯಾರಿಗೆ ಕೊಡಬೇಕು, ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎಲ್ಲ ಮುಖ್ಯಸ್ಥನ ಕೈಯಲ್ಲಿ. ಹುಡುಗರು, "ಸರ್, ನೀವ ಇರ್ರಿ. ನಿಮ್ಮ ಮಾತಾದ್ರ ಎಲ್ಲಾರೂ ಕೇಳ್ತಾರ" ಅಂದರು. ಹತ್ಥಕನಿಗೆ ದುಡ್ಡು ಇದ್ದ ಹಾಗೆ ನನಗೆ ಮಾಸ್ತರಿಕೆ ಇತ್ತು. ಆಟದಲ್ಲಿ ಅವರೆಲ್ಲರಿಗಿಂತ ನಾನೇ ದಡ್ಡ, ಆದರೂ ಮಾತು ನನ್ನದು ನಡೆಯಿತು. ಅದು ನನ್ನ ಗುಣದಿಂದಲ್ಲ ಎಂದು ಹತ್ಥಕನಿಗೆ ತಿಳಿದಿತ್ತು. ನನಗೆ ತಿಳಿಯಲಿಲ್ಲ.

ಎರಡು ತಿಂಗಳಲ್ಲಿ ನಾವು ಇಪ್ಪತ್ತಮೂರು ಜನ ಆದೆವು. ಕಲಾದಗಿ, ಬಾದಾಮಿ, ಹುನಗುಂದ, ಇಳಕಲ್‌ನವರು, ಬೆಂಗಳೂರು ಪುಣೆಗಳಲ್ಲಿ ರೂಮಿನಲ್ಲಿ ಸಿಕ್ಕಿಕೊಂಡವರು, ದುಬೈಯಲ್ಲಿ ಕೆಲಸ ಹೋಗಿ ವಿಮಾನಕ್ಕೆ ಕಾಯುತ್ತಿದ್ದ ಇಬ್ಬರು. ರಾತ್ರಿ ಒಂಬತ್ತೂವರೆಗೆ ಹಾಜರಿ. ಹೌದು, ನಾನು ಹಾಜರಿ ಹಾಕುತ್ತಿದ್ದೆ! ಅದಿರು ತೆಗೆಯುವ ಪಾಳಿ, ಕಾವಲಿನ ಪಾಳಿ, ಉಗ್ರಾಣದ ಲೆಕ್ಕ ಎಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಉಗ್ರಾಣ ತುಂಬುತ್ತ ಹೋಯಿತು. ದಿನವೂ ಮಲಗುವ ಮೊದಲು ಒಟ್ಟು ಎಷ್ಟಾಯಿತು ಎಂದು ಕೂಡಿಸಿ ನೋಡುತ್ತಿದ್ದೆ. ಮನೆಯಾಕೆ, "ಆ ಹಡಗಿನ್ಯಾಗ ಒಂದು ಕಿಲೋ ಸಕ್ಕರಿ ಬರತೈತೇನು ನೋಡ್ರಿ" ಅನ್ನುತ್ತಿದ್ದಳು.

ಒಂದು ನಿಯಮವನ್ನೂ ಮಾಡಿದ್ದೆ. ಅಜಾಗರೂಕತೆಯಿಂದ ಹಡಗು ಕಳೆದುಕೊಂಡವರಿಗೆ ಉಗ್ರಾಣದಿಂದ ಒಂದು ವಾರ ಏನೂ ಕೊಡಬಾರದು. ಸ್ವಂತ ದುಡಿದು ತೆಗೆದುಕೊಳ್ಳಲಿ, ಬುದ್ಧಿ ಬರುತ್ತದೆ. ಇಪ್ಪತ್ತು ವರ್ಷ ತರಗತಿಯಲ್ಲಿ ಹೋಮ್‌ವರ್ಕ್ ಮಾಡದವರನ್ನು ಹೊರಗೆ ನಿಲ್ಲಿಸಿದ ಕೈಯೇ ಅದನ್ನು ಬರೆದದ್ದು.

*ಶಂಕೆ*

ನಾಯಕನಾದವನು ಆ ಆಟದ ಚರಿತ್ರೆ ಓದಬೇಕಲ್ಲ, ಓದಿದೆ. ಅಲ್ಲಿ ಮೋಸಕ್ಕೆ ನಿಷೇಧವಿಲ್ಲ, ಅದೂ ಆಟದ ಭಾಗ. 2005ರಲ್ಲಿ ಒಂದು ಗುಂಪಿನವರು ಇನ್ನೊಂದು ತಂಡದೊಳಗೆ ಸುಮಾರು ಒಂದು ವರ್ಷ ವಿಶ್ವಾಸಿಗಳಂತೆ ಇದ್ದು, ಕೊನೆಗೆ ಒಂದೇ ದಿನದಲ್ಲಿ ಆ ತಂಡದ ನಾಯಕಿಯ ಹಡಗು ಒಡೆದು ಉಗ್ರಾಣಗಳನ್ನೆಲ್ಲ ಬರಿದು ಮಾಡಿದರು. 2009ರ ಫೆಬ್ರವರಿಯಲ್ಲಿ ಆಗಿನ ಅತಿ ಬಲಾಢ್ಯ ಒಕ್ಕೂಟವನ್ನು ಅದರದೇ ಒಬ್ಬ ನಿರ್ದೇಶಕ ಪಕ್ಷಾಂತರ ಮಾಡಿ ವಿಸರ್ಜಿಸಿಬಿಟ್ಟ. 2014ರ ಜನವರಿ 27ರಂದು ಒಂದು ಪ್ರದೇಶದ ಬಾಡಿಗೆ ಕಂತು ಸಂದಾಯವಾಗದೆ ಹೋದದ್ದೇ ನೆಪವಾಗಿ ಇಪ್ಪತ್ತೊಂದು ಗಂಟೆಯ ಯುದ್ಧ ನಡೆಯಿತು. ಏಳೂವರೆ ಸಾವಿರ ಆಟಗಾರರು ಅದರಲ್ಲಿದ್ದರು. ಟೈಟನ್ ಎಂಬ ಅತಿ ದೊಡ್ಡ ಹಡಗುಗಳೇ 75 ಸುಟ್ಟುಹೋದವು. ನಿಜದ ದುಡ್ಡಿನ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ಡಾಲರ್ ಎಂದು ಅಂದಾಜು ಮಾಡಿದರು.

ಇದನ್ನೆಲ್ಲ ಓದಿ ನಾನು ಕಲಿತ ಪಾಠ ಒಂದೇ: ಯಾರನ್ನೂ ನಂಬಬೇಡ.

ಆಗಸ್ಟ್ ತಿಂಗಳಲ್ಲಿ ಉಗ್ರಾಣದ ಲೆಕ್ಕ ತಪ್ಪತೊಡಗಿತು. ಕಟ್ಟಿಟ್ಟ ಸಣ್ಣ ಹಡಗುಗಳು ಒಂದೊಂದಾಗಿ ಮಾಯ. ಮೂರು ವಾರದಲ್ಲಿ ಹದಿನೇಳು. ಕೀಲಿ ಇದ್ದವರು ಮೂರೇ ಜನ: ನಾನು, ಪುಣೆಯಲ್ಲಿದ್ದ ಹುಡುಗ, ಮತ್ತೆ ಇಳಕಲ್ ಕಡೆಯ ಒಬ್ಬ. ಈ ಮೂರನೆಯವನು ಯಾರದೋ ಗೆಳೆಯನಾಗಿ ಬಂದವನು. ಅವನ ಆಟದ ಹೆಸರಷ್ಟೇ ನನಗೆ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಅದಿರು ತೆಗೆಯುತ್ತಿದ್ದ, ಅದಕ್ಕೇ ಕೀಲಿ ಕೊಟ್ಟಿದ್ದೆ. ಆದರೆ ಒಂದು ದಿನವೂ ಮೈಕಿನಲ್ಲಿ ಮಾತಾಡಿದವನಲ್ಲ. ಹಾಜರಿ ಕೂಗಿದರೆ ಬರೆದು ತಿಳಿಸುತ್ತಿದ್ದ. ನಾವೆಲ್ಲ ಮಲಗಿದ ಮೇಲೆ, ರಾತ್ರಿ ಒಂದು ಎರಡಕ್ಕೆ ಆಟದಲ್ಲಿ ಇರುತ್ತಿದ್ದ. ದನಿ ಇಲ್ಲ, ಮುಖ ಇಲ್ಲ, ಅಪರಾತ್ರಿಯ ಓಡಾಟ. ನಾನು ಓದಿದ ಚರಿತ್ರೆಗೆ ಸರಿಯಾಗಿ ಹೊಂದಿಕೆಯಾಯಿತು.

ಕೇಳಲಿಲ್ಲ. ಒಂದು ಮಾತು ಕೇಳಲಿಲ್ಲ. ಒಂದು ರಾತ್ರಿ ಹಾಜರಿ ಹೊತ್ತಿಗೆ ಎಲ್ಲರ ಮುಂದೆ ಅವನ ಕೀಲಿ ಕಿತ್ತುಕೊಂಡು, ತಂಡದಿಂದ ಹೊರಗೆ ಹಾಕಿದೆ. ಹಾಕುವ ಮುಂಚೆ ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ, ಹಾಲು ಕುಡಿದು ವಿಷ ಕಕ್ಕುವವರ ಬಗ್ಗೆ ಹತ್ತು ಸಾಲು ಬರೆದೆ. ನನ್ನ ಎಂ.ಎ. ಕನ್ನಡ ಆ ರಾತ್ರಿ ಒಬ್ಬನನ್ನು ಬಯ್ಯಲು ಚೆನ್ನಾಗಿ ಉಪಯೋಗಕ್ಕೆ ಬಂತು. ಅವನು ತಿರುಗಿ ಒಂದೇ ಸಾಲು ಬರೆದ: "ಆಯ್ತ್ರಿ ಸರ್." ಉಳಿದವರು ಯಾರೂ ಮಾತಾಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ.

*ಹದಿನೇಳು ಹಡಗು*

ಆಮೇಲೆ ಉಗ್ರಾಣದಿಂದ ಒಂದು ಹಡಗೂ ಕಾಣೆಯಾಗಲಿಲ್ಲ. ನನ್ನ ನಿರ್ಣಯ ಸರಿಯಿತ್ತು ಎಂದುಕೊಂಡೆ. ಆದರೆ ಹಾಜರಿ ಇಳಿಯತೊಡಗಿತು. ಇಪ್ಪತ್ತಮೂರು ಇದ್ದದ್ದು ಹದಿನೆಂಟು, ಹದಿಮೂರು, ಒಂಬತ್ತು. ಹೊಸಬರೇ ಮೊದಲು ಬಿಟ್ಟರು. ಲಾಕ್‌ಡೌನ್ ಸಡಿಲವಾಯಿತು, ಕೆಲಸ ಶುರುವಾದವು, ಅದಕ್ಕೇ ಇರಬೇಕು ಅಂದುಕೊಂಡೆ. ಉಗ್ರಾಣ ತುಂಬಿ ತುಳುಕುತ್ತಿತ್ತು, ಹಾರಿಸುವವರಿಲ್ಲ.

ಅಕ್ಟೋಬರಿನಲ್ಲಿ ದುಬೈಯ ಹುಡುಗ ಊರಿಗೆ ಬಂದ. ಕ್ವಾರಂಟೈನ್ ಮುಗಿಸಿ ನನ್ನ ಮನೆಗೆ ಬಂದು, ಚಹಾ ಕುಡಿದು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ:

"ಸರ್, ಒಂದು ಮಾತು. ನಾ ಮೂರು ಸಲ ಹಡಗ ಕಳಕೊಂಡಿದ್ದೆ. ನೌಕರಿ ಹೋದ ಹೊತ್ತು ಅದು, ತಲಿ ನೆಟ್ಟಗಿರಲಿಲ್ಲ. ಮೂರೂ ಸಲ ಮರುದಿನ ಎದ್ದು ನೋಡಿದ್ರ ನನ್ನ ಹೆಸರಿಗೆ ಒಂದು ಹೊಸ ಹಡಗ ಬಂದಿರ್ತಿತ್ತು. 'ಹುಷಾರಿಲೆ ಹಾರಸ್ರಿ ಅಣ್ಣಾ' ಅಂತ ಒಂದು ಚೀಟಿ. ಆ ಇಳಕಲ್ ಹುಡುಗನ ಕಳಸ್ತಿದ್ದ. ಸರ್‌ಗೆ ಹೇಳಬ್ಯಾಡ್ರಿ, ನಿಯಮ ಮುರದಾಂಗ ಆಗ್ತದ ಅಂತಿದ್ದ. ನನಗ ಅಷ್ಟ ಅಲ್ರಿ, ಭಾಳ ಮಂದಿಗೆ ಕೊಟ್ಟಾನ."

"ಅವತ್ತ ಯಾಕ ಹೇಳಲಿಲ್ಲೋ?" ಅಂದೆ.

"ನೀವು ಕೇಳಲಿಲ್ರಿ ಸರ್. ಹೇಳೂ ಹಾಂಗ ಇರಲಿಲ್ಲ."

ಬಂಧುಗಳೇ, ಮಹಾವಗ್ಗದಲ್ಲಿ ಪವಾರಣೆ ಹುಟ್ಟಿದ ಪ್ರಸಂಗ ಇದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಖುಗಳು ಜಗಳ ಬರಬಾರದೆಂದು ಮಳೆಗಾಲ ಪೂರ್ತಿ ಒಬ್ಬರಿಗೊಬ್ಬರು ಮಾತೇ ಆಡದೆ ಇದ್ದು, ಆಮೇಲೆ ಬುದ್ಧರ ಹತ್ತಿರ ಬಂದು ನಾವು ಸಾಮರಸ್ಯದಿಂದ ಕಳೆದೆವು ಎಂದರು. ಬುದ್ಧರು ಮೆಚ್ಚಲಿಲ್ಲ. ಇದು ದನಕರುಗಳು ಒಂದು ಕೊಟ್ಟಿಗೆಯಲ್ಲಿ ಇರುವ ಹಾಗೆ ಆಯಿತು ಎಂದು ಗದರಿದರು. ಆಗಲೇ ಪವಾರಣೆಯನ್ನು ವಿಧಿಸಿದ್ದು. ಗುಂಪಿನ ಮೌನ ಶಾಂತಿಯಲ್ಲ. ಎಷ್ಟೋ ಸಲ ಅದು ನಾಯಕನ ಭಯ. ನನ್ನ ತಂಡದಲ್ಲಿ ನಾನು ಸೃಷ್ಟಿಸಿದ್ದು ಅಂಥ ಕೊಟ್ಟಿಗೆಯನ್ನು.

*ಐಹೊಳೆಯ ಮೆಟ್ಟಿಲು*

ಅದೇ ವರ್ಷದ ಕೊನೆಗೆ ನಮ್ಮ ಬಳಗದವರು ಐಹೊಳೆಗೆ ಹೋದದ್ದು ಹಲವರಿಗೆ ನೆನಪಿರಬಹುದು. ಮೇಗುತಿ ಗುಡ್ಡದ ನಡುವೆ, ಬಂಡೆಗೆ ಒರಗಿದ ಎರಡು ಅಂತಸ್ತಿನ ಬೌದ್ಧ ಗುಡಿಯ ಮೊಗಸಾಲೆಯಲ್ಲಿ ಕೂತಿದ್ದೆವು. ಮೇಲೆ ಛತ್ತಿನಲ್ಲಿ ಬುದ್ಧರ ಶಿಲ್ಪ. ನಮ್ಮ ಹಿರಿಯ ಉಪಾಸಕರೊಬ್ಬರು ಹತ್ಥಕನ ಸುತ್ತಗಳನ್ನು ಅಲ್ಲೇ ವಿವರಿಸಿದರು. ಕೊನೆಗೆ ಹೇಳುತ್ತೇನೆ ಎಂದಿದ್ದೆನಲ್ಲ, ಆ ಪ್ರಸಂಗ ಇದು.

ಒಮ್ಮೆ ಬುದ್ಧರು ಭಿಕ್ಖುಗಳ ಮುಂದೆ ಹತ್ಥಕನ ಏಳು ಗುಣಗಳನ್ನು ಹೊಗಳಿದರು: ಶ್ರದ್ಧೆ, ಶೀಲ, ಪಾಪಕ್ಕೆ ನಾಚಿಕೆ, ಪಾಪದ ಅಂಜಿಕೆ, ಬಹುಶ್ರುತತೆ, ತ್ಯಾಗ, ಪ್ರಜ್ಞೆ. ಒಬ್ಬ ಭಿಕ್ಖು ಹತ್ಥಕನ ಮನೆಗೆ ಹೋಗಿ ಆ ಸುದ್ದಿ ಹೇಳಿದ. ಹತ್ಥಕ ಮೊದಲು ಕೇಳಿದ್ದು: ಅಲ್ಲಿ ಬಿಳಿ ಬಟ್ಟೆಯ ಗೃಹಸ್ಥರು ಯಾರೂ ಇರಲಿಲ್ಲ ತಾನೇ? ಇರಲಿಲ್ಲ ಎಂದಾಗ ಅವನಿಗೆ ಸಮಾಧಾನವಾಯಿತು. ಭಿಕ್ಖು ಇದನ್ನು ಬಂದು ತಿಳಿಸಿದಾಗ ಬುದ್ಧರು ಎಂಟನೆಯ ಗುಣವನ್ನು ಸೇರಿಸಿದರು: ಅಲ್ಪೇಚ್ಛೆ. ತನ್ನಲ್ಲಿರುವ ಒಳ್ಳೆಯದು ಬೇರೆಯವರಿಗೆ ತಿಳಿಯಲಿ ಎಂಬ ಆಸೆ ಇಲ್ಲದಿರುವುದು.

ಕೇಳುತ್ತ ಕೂತವನಿಗೆ ಇಳಕಲ್ ಹುಡುಗನ ನೆನಪಾಯಿತು. ದನಿ ಇಲ್ಲ, ಮುಖ ಇಲ್ಲ, ಅಪರಾತ್ರಿಯ ಓಡಾಟ ಎಂದು ನಾನು ಲೆಕ್ಕ ಹಾಕಿದ್ದೆಲ್ಲ ಎಂಟನೆಯ ಗುಣದ ಲಕ್ಷಣವಾಗಿತ್ತು. ನನಗೆ ಅದು ಕಳ್ಳತನದ ಲಕ್ಷಣವಾಗಿ ಕಂಡಿತ್ತು. ಒಳ್ಳೆಯದನ್ನು ಮರೆಯಲ್ಲಿ ಮಾಡುವವನೂ ಕೆಟ್ಟದ್ದನ್ನು ಮರೆಯಲ್ಲಿ ಮಾಡುವವನೂ ದೂರದಿಂದ ಒಂದೇ ಥರ ಕಾಣುತ್ತಾರೆ. ಹತ್ತಿರ ಹೋಗಿ ಕೇಳಿದರಷ್ಟೇ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಹೊಳೆಯಿತು. ನಾನು ಕನ್ನಡ ಓದಿದವನು. ಪಾಲಿಯ ಸಂಗಹವೇ ನಮ್ಮ ಸಂಗ್ರಹ. ನಮ್ಮ ಮಾತಿನಲ್ಲಿ ಸಂಗ್ರಹ ಎಂದರೆ ಕಾಳು, ದುಡ್ಡು, ಪುಸ್ತಕ ಕೂಡಿಡುವುದು. ಬುದ್ಧರ ಮಾತಿನಲ್ಲಿ ಸಂಗಹ ಎಂದರೆ ಜನರನ್ನು ಕೂಡಿಡುವುದು, ಚದುರದಂತೆ ಹಿಡಿದುಕೊಳ್ಳುವುದು. ನಾನು ಉಗ್ರಾಣ ತುಂಬಿಸಿ ಅದನ್ನೇ ನಾಯಕತ್ವ ಅಂದುಕೊಂಡೆ. ಅವನು ಉಗ್ರಾಣ ಖಾಲಿ ಮಾಡಿ ಜನರನ್ನು ಹಿಡಿದಿಟ್ಟಿದ್ದ. ಅವನು ಹೋದ ಮೇಲೆ ಸಾಮಾನು ಉಳಿಯಿತು, ಜನ ಹೋದರು.

ಅವನು ಮಾಡಿದ್ದೂ ಪೂರ್ತಿ ಸರಿಯೇ ಎಂದು ಕೆಲವರು ಕೇಳಬಹುದು. ಎಲ್ಲರ ಸೊತ್ತನ್ನು ಹೇಳದೆ ತೆಗೆದದ್ದು ತಪ್ಪೇ. ಎರಡನೆಯ ಶೀಲದ ಪ್ರಶ್ನೆ ಅದು, ಅದನ್ನು ನಾನು ಮುಚ್ಚುವುದಿಲ್ಲ. ಆದರೆ ಕೊಡುವುದನ್ನೇ ಕಳ್ಳತನ ಮಾಡಿದ ನಿಯಮ ಯಾರದು? ನನ್ನದು.

*ನಾಲ್ಕನ್ನೂ ತಪ್ಪಿದ್ದು ಹೇಗೆ*

ನಾಲ್ಕು ಸಂಗಹಗಳ ಎದುರು ನನ್ನ ನೋಟ್‌ಬುಕ್ ಇಟ್ಟು ನೋಡಿದೆ.

*ದಾನ.* ಕಳೆದುಕೊಂಡವನಿಗೆ ಕೊಡುವ ಹೊತ್ತಿನಲ್ಲಿ ಪಾಠ ಹೇಳಿದೆ. ಸೋತವನಿಗೆ ಮೊದಲು ಹಡಗು, ಆಮೇಲೆ ಪಾಠ. ಆ ಆಟದ ಅನೇಕ ದೊಡ್ಡ ತಂಡಗಳು ಯುದ್ಧದಲ್ಲಿ ಒಡೆದ ಹಡಗಿಗೆ ತಂಡದ ಖಜಾನೆಯಿಂದಲೇ ಬದಲಿ ಕೊಡುತ್ತವೆ. ಕಾದಾಡುವವರಿಗೂ ಅರ್ಥವಾದದ್ದು ನನಗೆ ಆಗಲಿಲ್ಲ.

*ಪ್ರಿಯವಚನ.* ಈ ಆಟದಲ್ಲಿ ಅಮೆರಿಕದ ಶಾನ್ ಸ್ಮಿತ್ ಎಂಬಾತ ಇದ್ದ. ನಿಜ ಜೀವನದಲ್ಲಿ ತನ್ನ ದೇಶದ ವಿದೇಶಾಂಗ ಇಲಾಖೆಯ ನೌಕರ. ಆಟದಲ್ಲಿ ತನ್ನ ಒಕ್ಕೂಟದ ಪರವಾಗಿ ಬೇರೆ ತಂಡಗಳ ಜೊತೆ ಮಾತುಕತೆ ನಡೆಸುವ ರಾಯಭಾರಿ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ನಡೆದ ದಾಳಿಯಲ್ಲಿ ಅವನು ತೀರಿಕೊಂಡ. ಸುದ್ದಿ ತಿಳಿದ ಆಟಗಾರರು ಆ ಆಕಾಶದ ತುಂಬ ತಮ್ಮ ನಿಲ್ದಾಣಗಳ ಹೆಸರನ್ನು ಬದಲಿಸಿ ಅವನ ಹೆಸರಿಟ್ಟರು. ದೊಡ್ಡ ಹಡಗು ಓಡಿಸಿದ್ದಕ್ಕಲ್ಲ, ಮಾತಾಡಿದ್ದಕ್ಕೆ ಜನ ಅವನನ್ನು ನೆನೆದರು. ನನ್ನ ಹತ್ತು ಸಾಲನ್ನು ನೆನೆದವರು ಹೇಗೆ ನೆನೆಯುತ್ತಾರೋ.

*ಅರ್ಥಚರ್ಯೆ.* ಹಾಜರಿ ಹಾಕಿದೆ, ಆದರೆ ಬರದವನು ಯಾಕೆ ಬರಲಿಲ್ಲ ಎಂದು ವಿಚಾರಿಸಲಿಲ್ಲ. ದುಬೈಯವನ ನೌಕರಿ ಹೋದದ್ದು ನನಗೆ ಗೊತ್ತಿತ್ತು. ಅದಕ್ಕೂ ಅವನು ಹಡಗು ಕಳೆದುಕೊಳ್ಳುವುದಕ್ಕೂ ಇದ್ದ ಸಂಬಂಧ ಹೊಳೆಯಲಿಲ್ಲ.

*ಸಮಾನತೆ.* ಮೂವರ ಹತ್ತಿರ ಕೀಲಿ ಇತ್ತು. ಪುಣೆಯವನು ನನ್ನ ವಿದ್ಯಾರ್ಥಿ, ನಾನಂತೂ ನಾನೇ. ಶಂಕೆ ಗುರುತಿಲ್ಲದವನ ಮೇಲೆಯೇ ಹೋಯಿತು. ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಏನು ಕಳುವಾದರೂ ಯಾವ ಕೇರಿಯ ಕಡೆ ಮೊದಲು ನೋಡುತ್ತಿದ್ದರು ಎಂದು ನಮ್ಮ ತಾತಂದಿರು ಹೇಳಿದ್ದನ್ನು ಕೇಳಿ ಬೆಳೆದವರು ನಾವು. ಕುರ್ಚಿ ಸಿಕ್ಕ ಕೂಡಲೇ ನಾನೂ ಅದೇ ಕಣ್ಣಿನಿಂದ ನೋಡಿದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಮಹಾಪರಿನಿಬ್ಬಾಣ ಸುತ್ತದಲ್ಲಿ ಆನಂದರು, ಸಂಘದ ಬಗ್ಗೆ ಏನಾದರೂ ಹೇಳದೆ ಭಗವಾನರು ಹೋಗಲಾರರು ಎಂಬ ನಂಬಿಕೆಯಲ್ಲಿ ಇರುತ್ತಾರೆ. ಬುದ್ಧರು ಹೇಳುವುದು ಬೇರೆಯೇ. ಸಂಘವನ್ನು ನಾನು ನಡೆಸುತ್ತೇನೆ, ಸಂಘ ನನ್ನ ಮೇಲೆ ನಿಂತಿದೆ ಎಂಬ ಭಾವನೆಯೇ ತಥಾಗತನಿಗೆ ಇಲ್ಲ ಎನ್ನುತ್ತಾರೆ. ಬುದ್ಧರು ಮೋಕ್ಷದಾತರಲ್ಲ, ಮಾರ್ಗದಾತರು ಎಂದು ಬಾಬಾಸಾಹೇಬರು ನಮಗೆ ಮತ್ತೆ ಮತ್ತೆ ತಿಳಿಸಿದ್ದು ಇದನ್ನೇ. ನಲವತ್ತೈದು ವರ್ಷ ಸಂಘ ಕಟ್ಟಿದವರಿಗೆ ಇರದ ಭಾವನೆ ಇಪ್ಪತ್ತಮೂರು ಹಡಗಿನ ಯಜಮಾನನಿಗೆ ಇತ್ತು! ನಮ್ಮ ಕಲಾದಗಿಯನ್ನೇ ನೋಡಿ. ಇಂಗ್ಲಿಷರ ಕಾಲದಲ್ಲಿ ಇದು ಜಿಲ್ಲಾ ಕೇಂದ್ರ. 1880ರ ದಶಕದಲ್ಲಿ ಆ ಗದ್ದುಗೆ ವಿಜಯಪುರಕ್ಕೆ ಹೋಯಿತು. ಈಗ ಊರಿಗೆ ಹೆಸರು ಇರುವುದು ದಾಳಿಂಬೆಯಿಂದ, ಅಂದರೆ ಹೆಸರು ತಿಳಿಯದ ಎಷ್ಟೋ ರೈತರಿಂದ.

*ಕೊಂಡಿ*

ಐಹೊಳೆಯಿಂದ ಬಂದ ರಾತ್ರಿ ಉಳಿದ ಒಂಬತ್ತು ಜನರನ್ನು ಕೂಡಿಸಿದೆ. ಪಿಟಕದಲ್ಲಿ ಒಂದು ಹುಣ್ಣಿಮೆಯ ಪ್ರಸಂಗ ಇದೆ. ಸಾವತ್ಥಿಯ ಪೂರ್ವಾರಾಮದಲ್ಲಿ ಪವಾರಣೆಯ ರಾತ್ರಿ ಬುದ್ಧರು ಬಯಲಿನಲ್ಲಿ ಕೂತು, ಐದುನೂರು ಭಿಕ್ಖುಗಳ ಎದುರು, ತನ್ನ ನಡೆಯಲ್ಲಿ ನುಡಿಯಲ್ಲಿ ನಿಂದಿಸತಕ್ಕದ್ದು ಏನಾದರೂ ಇದೆಯೇ ಎಂದು ತಾವೇ ಮೊದಲು ಕೇಳುತ್ತಾರೆ. ಬುದ್ಧರೇ ಕೇಳಿದ ಮೇಲೆ ಮಾಸ್ತರನದೇನು? ಕೇಳಿದೆ. ಮೊದಲು ಐದು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಶುರು ಮಾಡಿದ. ಒಂದೂವರೆ ಗಂಟೆ ಕೇಳಿಸಿಕೊಂಡೆ. ಎಲ್ಲ ಇಲ್ಲಿ ಬರೆಯುವುದಿಲ್ಲ. ಒಬ್ಬ ಹೇಳಿದ್ದು ಸಾಕು: "ಸರ್, ನೀವು ಆಟದಾಗೂ ನಮ್ಮನ್ನ ಬೆಂಚಿನ ಮ್ಯಾಲೆ ನಿಲ್ಲಿಸಿದ್ರಿ."

ಮರುದಿನ ಆ ಹುಡುಗನ ನಂಬರು ಸಿಕ್ಕಿತು. ಫೋನ್ ಮಾಡಿದೆ. "ಅಪ್ಪ ಮಲಗ್ಯಾನ್ರಿ, ಆಮ್ಯಾಲೆ ಮಾಡ್ತೀನ್ರಿ" ಎಂದು ಪಿಸುಮಾತಿನಲ್ಲಿ ಹೇಳಿ ಇಟ್ಟ. ತಿರುಗಿ ಮಾಡಲಿಲ್ಲ. ಒಂದು ರವಿವಾರ ಇಳಕಲ್‌ಗೆ ಹೋದೆ.

ಒಂದೇ ಕೋಣೆಯ ಮನೆ, ಅರ್ಧ ಜಾಗ ಮಗ್ಗದ್ದು. ಉಸಿರಾಟದ ತೊಂದರೆಯ ಅಪ್ಪ ಗೋಡೆಗೆ ಒರಗಿ ಕೂತಿದ್ದ. ರಾತ್ರಿ ಎಲ್ಲರೂ ಅಲ್ಲೇ ಮಲಗಬೇಕು. ಮೈಕಿನಲ್ಲಿ ಮಾತಾಡುವುದು ಎಲ್ಲಿಂದ ಬಂತು? ಅಪ್ಪನನ್ನು ನೋಡಿಕೊಳ್ಳಲು ಎಚ್ಚರ ಇರುತ್ತಿದ್ದುದರಿಂದ ಅಪರಾತ್ರಿ ಆಟ. ಹುಡುಗ ನನ್ನನ್ನು ನೋಡಿ ಎದ್ದು ನಿಂತ. ನಾನು ಕ್ಷಮೆ ಕೇಳಿದೆ. ಅವನ ತಾಯಿಗೆ ಏನೂ ಅರ್ಥವಾಗದೆ, "ಏನ್ ಮಾಡ್ಯಾನ್ರಿ ಇವ?" ಎಂದು ಗಾಬರಿಯಾದಳು. "ಅವ ಏನೂ ಮಾಡಿಲ್ರಿ, ನಾನ ಮಾಡೀನಿ" ಅಂದೆ. ಹುಡುಗ ತಲೆ ತಗ್ಗಿಸಿ, "ಇರ್ಲಿ ಬಿಡ್ರಿ ಸರ್" ಅಂದ. ಅಷ್ಟೇ.

ಆ ತಾಯಿ ಅವತ್ತು ಮಗ್ಗದಲ್ಲಿ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನೇಯ್ದು ಮುಗಿದ ಮೇಲೆ ನೋಡುವವರ ಕಣ್ಣು ಕೆಂಪು ಸೆರಗಿನ ಮೇಲೆ, ತೆನೆಯ ಮೇಲೆ ಹೋಗುತ್ತದೆ. ಕೊಂಡಿಯನ್ನು ಯಾರೂ ನೋಡುವುದಿಲ್ಲ. ಒಂದು ಎಳೆಯ ಕೊಂಡಿ ಬಿಟ್ಟರೂ ಗೊತ್ತಾಗುತ್ತದೆಯೇ ಎಂದು ಕೇಳಿದೆ. "ಈಗ ಗೊತ್ತಾಗೂದಿಲ್ರಿ. ಉಟ್ಟು ನಾಕು ಸಲ ಒಗದ ಮ್ಯಾಲೆ ಗೊತ್ತಾಗತೈತಿ" ಅಂದಳು.

ಆ ಹುಡುಗ ಆಟಕ್ಕೆ ಮತ್ತೆ ಬರಲಿಲ್ಲ. ಬರಬೇಕೆಂದು ನಾನು ಒತ್ತಾಯವನ್ನೂ ಮಾಡಲಿಲ್ಲ. ಕ್ಷಮೆ ಕೇಳಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ಧಮ್ಮ ಹೇಳುವುದಿಲ್ಲ, ಕಮ್ಮ ತನ್ನ ಫಲ ಕೊಡುತ್ತದೆ. ತಂಡದ ಮುಖ್ಯಸ್ಥನ ಸ್ಥಾನವನ್ನು ದುಬೈಯಿಂದ ಬಂದವನಿಗೆ ಕೊಟ್ಟೆ. ಅವನು ಮೊದಲು ಮಾಡಿದ ಕೆಲಸ ನನ್ನ ನಿಯಮ ಅಳಿಸಿದ್ದು. ಈಗ ಕಳೆದುಕೊಂಡವರು ಕೇಳದೆಯೇ ಉಗ್ರಾಣದಿಂದ ಹಡಗು ತೆಗೆದುಕೊಳ್ಳಬಹುದು. ಲೆಕ್ಕದ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಕೊನೆಯ ಪುಟದಲ್ಲಿ ಮಾಯವಾದ ಹದಿನೇಳು ಹಡಗುಗಳ ಎದುರು, ಯಾರಿಗೆ ಹೋದವು ಎಂದು ವಿಚಾರಿಸಿ ಹೆಸರು ಬರೆದಿದ್ದೇನೆ. ಹದಿನಾಲ್ಕು ಸಿಕ್ಕಿವೆ.

*ಇಂದಿನ ಅಭ್ಯಾಸ*

1. ಆ ಆಟದಲ್ಲಿ ಒಂದೇ ಕಡೆ ಸಾವಿರಾರು ಜನ ಸೇರಿ ಕಂಪ್ಯೂಟರಿಗೆ ಭಾರವಾದಾಗ, ಅದು ಕಾಲವನ್ನೇ ನಿಧಾನ ಮಾಡುತ್ತದೆ. ಭಾರ ಬಹಳವಾದರೆ ಹತ್ತನೆಯ ಒಂದು ಭಾಗದ ವೇಗಕ್ಕೆ ಇಳಿಯುತ್ತದೆ. ನಮ್ಮ ಮನಸ್ಸು ಭಾರವಾದಾಗ ನಾವು ಅವಸರ ಮಾಡುತ್ತೇವೆ. ಇಂದು ಯಾರ ಮೇಲಾದರೂ ಶಂಕೆ ಬಂದರೆ ಮಾತು, ಮೆಸೇಜು, ಬೆರಳು ಮೂರನ್ನೂ ಹತ್ತನೆಯ ಒಂದು ಭಾಗಕ್ಕೆ ಇಳಿಸಿ.

2. ಶಂಕೆಯನ್ನು ಶಂಕಿತನ ಹತ್ತಿರವೇ, ಒಬ್ಬರೇ ಹೋಗಿ, ಪ್ರಶ್ನೆಯಾಗಿ ಕೇಳಿ. ಎಲ್ಲರ ಮುಂದೆ ತೀರ್ಪಾಗಿ ಹೇಳಬೇಡಿ.

3. ಮನೆಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ನೀವು ಹಿರಿಯರಾಗಿದ್ದರೆ, ಇಂದು ನಿಮಗಿಂತ ಕಿರಿಯರೊಬ್ಬರನ್ನು ಕೂರಿಸಿಕೊಂಡು ನಿಮ್ಮ ತಪ್ಪು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ಕೊನೆಯದಾಗಿ. ಈ ವಾಟ್ಸಾಪ್ ಗುಂಪಿಗೂ ನಾನು ಅಡ್ಮಿನ್‌ಗಳಲ್ಲಿ ಒಬ್ಬ. ಒಬ್ಬರನ್ನು ತೆಗೆದುಹಾಕುವ ಗುಂಡಿ ಇಲ್ಲೂ ನನ್ನ ಬೆರಳಿನ ಕೆಳಗಿದೆ, ಅದನ್ನು ಎರಡು ಸಲ ಒತ್ತಿದ್ದೇನೆ. ಆ ಇಬ್ಬರಿಗೂ ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದೇನೆ. ಒಬ್ಬರು ಎತ್ತಿದರು, ಇನ್ನೊಬ್ಬರಿಗೆ ಸಂಜೆ ಮತ್ತೆ ಮಾಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ನನ್ನ ನಡೆಯಲ್ಲಿ ನುಡಿಯಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಶಂಕೆ ಇದ್ದರೆ ದಯವಿಟ್ಟು ಹೇಳಿ. ಗುಂಪಿನಲ್ಲೇ ಹೇಳಿದರೂ ಸರಿ, ನನಗೊಬ್ಬನಿಗೇ ಬರೆದರೂ ಸರಿ. ಕೇಳಿಸಿಕೊಳ್ಳುತ್ತೇನೆ.

ಎಲ್ಲರಿಗೂ ಮಂಗಳವಾಗಲಿ. ಎಲ್ಲರೂ ಸುಖವಾಗಿರಲಿ.

ನಮೋ ಬುದ್ಧಾಯ. ಜೈ ಭೀಮ್. 🙏

ನಿಮ್ಮವ,
ಕಲಾದಗಿಯ ಒಬ್ಬ ಕನ್ನಡ ಮಾಸ್ತರ